ಅಜ್ಜನ ಎಲುಬುಗಳ ಪಂಚನಾಮೆ

ಆ ವರ್ಷದ ನನ್ನ ದಿನಚರಿಯಲ್ಲಿ ನವೆಂಬರ್ ಒಂಬತ್ತನೆಯ ತಾರೀಖಿನ ಪುಟ ಹೀಗಿದೆ: "ನಡಿಗೆ ಆರು ಮೈಲು. ತಗ್ಗು ಒಂದು. ಗಡಿಗೆ ಮೂರು. ತಾಮ್ರದ ಬಿಲ್ಲೆ ಇಪ್ಪತ್ತೊಂದು. ಎಲುಬು ಇಲ್ಲ. ಪಂಚರು ನಕ್ಕರು." ಕೊನೆಯ ಎರಡು ಮಾತುಗಳಿಗೆ ಒಂದಕ್ಕೊಂದು ಸಂಬಂಧವಿದೆ ಎಂದು ತಿಳಿಯಲು ನನಗೆ ಹದಿನೈದು ದಿನ ಬೇಕಾಯಿತು.

ಆಗ ನನಗೆ ಇಪ್ಪತ್ತೆರಡು ವರ್ಷ. ಬಾಗಲಕೋಟೆಯಲ್ಲಿ ನೂಲಿಗೆ ಬಣ್ಣ ಹಾಕುವ ಮುಸಲ್ಮಾನ ಮನೆತನ ನಮ್ಮದು. ನಾನೂ ಬಣ್ಣದ ಬಾನಿಯ ಹತ್ತಿರ ನಿಲ್ಲಬೇಕೆಂದು ಅಬ್ಬಾ ಅವರ ಆಸೆಯಾಗಿತ್ತು. ನಾನೋ ನೂಲು ಅದ್ದುವುದನ್ನು ಬಿಟ್ಟು, ಎಷ್ಟು ಲಡಿ ಅದ್ದಿದ್ದಾಯಿತು ಎಂದು ಗೋಡೆಯ ಮೇಲೆ ಗೀಟು ಹಾಕುತ್ತ ಕೂಡುತ್ತಿದ್ದೆ. "ಇವನ ಕೈಗೆ ಬಣ್ಣ ಹತ್ತೂದಿಲ್ಲ, ಶಾಯಿ ಹತ್ತತೈತಿ" ಎಂದು ಅವರೇ ಬೇಸತ್ತು ಸಾಲೆಗೆ ಕಳಿಸಿದರು. ಶಾಯಿ ಹತ್ತಿತು. ಮಲಪ್ರಭೆಯ ಸೀಮೆಯ ಒಂದು ಸರಕಾರಿ ಕಚೇರಿಯಲ್ಲಿ ನಾನು ಕಾರಕೂನನಾದೆ. ದಿನಕ್ಕೆ ಎಷ್ಟು ಕಾಗದ ನಕಲು ಮಾಡಿದೆ, ತಪಕೀರು ಏರಿಸಿದ ಮೇಲೆ ನಮ್ಮ ಮಾಮಲೇದಾರರು ಎಷ್ಟು ಸಲ ಸೀನಿದರು ಎಂಬುದೆಲ್ಲ ನನ್ನ ದಿನಚರಿಯಲ್ಲಿದೆ. ಒಂದು ದಿನದ ಹೆಚ್ಚಿನ ಸೀನು ಹದಿನೇಳು.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಮೇಲಿನಿಂದ ಒಂದು ಹುಕುಂ ಬಂತು. ಹಳೆಯ ಸಮಾಧಿಗಳನ್ನು ಅಗೆಯುವುದು, ಅದರೊಳಗಿನ ಎಲುಬು, ಗಡಿಗೆ, ಮಣಿ, ಲೋಹದ ಸಾಮಾನು ತೆಗೆದು ಮಾರುವುದು ಕಾಯಿದೆಗೆ ವಿರುದ್ಧ. ಎಲ್ಲೆಲ್ಲಿ ಇಂಥ ಅಗೆತ ಕಾಣುತ್ತದೋ ಅಲ್ಲಿ ಪಂಚನಾಮೆ ಮಾಡಿ, ಸಿಕ್ಕಿದ್ದನ್ನು ಜಪ್ತಿ ಮಾಡಿ, ಪೆಟ್ಟಿಗೆಗೆ ಮೊಹರು ಹಾಕಿ ಕಳಿಸತಕ್ಕದ್ದು ಎಂದಿತ್ತು. ಕಾರಣವೂ ಇತ್ತು. ತಟ್ಟು ಕುದುರೆಯ ಮೇಲೆ ತಿರುಗುವ ಒಬ್ಬ ವ್ಯಾಪಾರಿ ಹಳೆಯ ಸಮಾಧಿಗಳ ಸಾಮಾನನ್ನು ಕೊಂಡು ಸಮುದ್ರದಾಚೆಯ ಶ್ರೀಮಂತರಿಗೆ ಕಳಿಸುತ್ತಾನೆ, ತಲೆಬುರುಡೆಯನ್ನೂ ಬಿಡುವುದಿಲ್ಲ ಎಂದು ಸುದ್ದಿಯಿತ್ತು. ಕೆರೂರ ಸಂತೆಯಲ್ಲಿ ಅವನನ್ನು ಕಂಡವರಿದ್ದರು, ಮಹಾಕೂಟದ ದಾರಿಯಲ್ಲಿ ಕಂಡವರಿದ್ದರು. ಹಿಡಿದವರು ಮಾತ್ರ ಯಾರೂ ಇರಲಿಲ್ಲ.

ಹುಕುಮಿನ ಜೊತೆಗೆ ಒಂದು ತಖ್ತೆ ಬಂದಿತ್ತು. ಅದರಲ್ಲಿ ಐದು ಕಾಲಮು: ಸ್ಥಳ, ತಗ್ಗಿನ ಅಳತೆ, ಸಾಮಾನು, ಎಲುಬು, ಷರಾ. ಇಷ್ಟು ಚೆಂದದ ತಖ್ತೆಯನ್ನು ನಾನು ಅದಕ್ಕೆ ಮುಂಚೆ ನೋಡಿರಲಿಲ್ಲ. ಯಾರೂ ಕೇಳದಿದ್ದರೂ ಈ ಕೆಲಸ ನಾನು ಮಾಡುತ್ತೇನೆ ಎಂದು ಮುಂದೆ ಹೋದೆ.

ಹುನಗುಂದದ ಕಡೆಗೆ ಹೊಳೆಯ ದಂಡೆಯ ಒಂದು ಹಳ್ಳಿಯ ಹಿಂದೆ ಗುಡ್ಡವಿದೆ. ಅದರ ಮೇಲೆ ನಾಲ್ಕು ಬಂಡೆ ನಿಲ್ಲಿಸಿ ಒಂದನ್ನು ಮುಚ್ಚಿದಂಥ ಹಳೆಯ ಸಮಾಧಿಗಳಿವೆ. ಜನ ಅವನ್ನು ಮೋರೇರ ಮನಿ ಎನ್ನುತ್ತಾರೆ. ಯಾವ ಕಾಲದವರು ಅಲ್ಲಿ ಮಣ್ಣಾದರೋ ಯಾರಿಗೂ ತಿಳಿಯದು. ನಾನು ಹೋದಾಗ ಪಂಚರೆಂದು ಊರಿನ ಇಬ್ಬರು ಜೊತೆಗೆ ಬಂದರು. ಒಬ್ಬ ಆಡು ಸಾಕಿದವನು. ಇನ್ನೊಬ್ಬ ಮೀಸೆಯವನು, ಮಾತಿಗೊಮ್ಮೆ ಅದನ್ನು ತೀಡುವವನು. ಮೋರೇರ ಮನಿಗಳ ಕಡೆ ನಾನು ಹೆಜ್ಜೆ ಎಣಿಸುತ್ತ ಹೊರಟರೆ ಮೀಸೆಯವನು ಅಡ್ಡ ಬಂದ.

"ಅತ್ತಾಗ ಏನೈತ್ರಿ, ಬರೇ ಹಾವು. ಇತ್ತ ಬರ್ರಿ ಸಾಹೇಬ್ರ, ಅಗದದ್ದು ಇಲ್ಲೈತಿ."

ಗುಡ್ಡದ ಬುಡದಲ್ಲಿ, ಒಂದು ಹೊಲದ ಬದುವಿನ ಪಕ್ಕದಲ್ಲಿ ಆಳವಾದ ತಗ್ಗಿತ್ತು. ಒಳಗೆ ಇಳಿದು ನೋಡಿದರೆ ಒಂದು ಮಗ್ಗುಲಲ್ಲಿ ಮನುಷ್ಯ ಕೂಡುವಷ್ಟು ಗೂಡು ಕೊರೆದು, ಬಾಯಿಗೆ ಬಂಡೆಗಲ್ಲು ಇಟ್ಟಿದ್ದರು. ಕಲ್ಲು ಸರಿಸಿದೆವು. ಒಳಗೆ ಒಂದು ಮಣೆ, ಉಪ್ಪು ತುಂಬಿದ ಎರಡು ಗಡಿಗೆ, ವಿಭೂತಿಯ ಗಟ್ಟಿ ತುಂಬಿದ ಒಂದು ಗಡಿಗೆ, ಒಂದು ಅರಿವೆಯ ಗಂಟು. ಗಂಟಿನೊಳಗೆ ಹಸಿರು ಕಿಲುಬು ಹಿಡಿದ ತಾಮ್ರದ ಬಿಲ್ಲೆಗಳು, ಪ್ರತಿಯೊಂದರ ಮೇಲೂ ಏನೋ ಕೊರೆದ ಗುರುತು. ನಮ್ಮಲ್ಲಿ ಹೂಳುವಾಗ ಬಿಳಿಯ ಕಫನ್ ಬಟ್ಟೆ ಬಿಟ್ಟು ಮಣ್ಣಿನೊಳಗೆ ಏನೂ ಇಡುವುದಿಲ್ಲ. ಹಾಗಾಗಿ ಇಷ್ಟೊಂದು ಸಾಮಾನು ಇದ್ದರೆ ಅದು ಹಿಂದಿನ ಯಾವುದೋ ಕಾಲದವರದೇ ಎಂದು ನಿಂತ ನಿಲುವಿನಲ್ಲೇ ತೀರ್ಮಾನ ಮಾಡಿದೆ.

"ಇದು ಯಾರದು?" ಎಂದು ಪಂಚರನ್ನು ಕೇಳಿದೆ.

"ಒಬ್ಬ ಮುದಕಂದ್ರಿ," ಎಂದ ಆಡಿನವನು.

"ಯಾವಾಗ ಸತ್ತ?"

"ಅದ ತಿಳೀವಲ್ದು ನೋಡ್ರಿ. ನಾವೂ ಅದನ್ನ ಕೇಳಾಕತ್ತೀವಿ."

"ಎಷ್ಟು ಹಳೆಯದಿರಬಹುದು?"

"ಮುದುಕ ಭಾಳ ಹಳೇವ್ರಿ," ಎಂದ ಮೀಸೆಯವನು. ಆಮೇಲೆ ಇಬ್ಬರೂ ಬೇರೆ ಕಡೆ ಮುಖ ತಿರುಗಿಸಿ ನಕ್ಕರು. ಅದನ್ನೂ ಬರೆದುಕೊಂಡೆ.

ಎಲುಬಿನ ಕಾಲಮಿಗೆ ಬಂದೆ. ಗೂಡಿನೊಳಗೆ ಕೈಯಾಡಿಸಿದೆ, ಮಣ್ಣು ಜರಡಿ ಹಿಡಿದೆ. ಒಂದು ಹಲ್ಲು ಕೂಡ ಸಿಗಲಿಲ್ಲ. ಖಾಲಿ ಕಾಲಮು ಬಿಡುವುದು ನನ್ನಿಂದ ಆಗದ ಕೆಲಸ. "ಎಲುಬು ಇಲ್ಲ. ಮಾರಾಟಕ್ಕಾಗಿ ಒಯ್ದಂತೆ ಕಾಣುತ್ತದೆ" ಎಂದು ಬರೆದು ಪಂಚರ ಹೆಬ್ಬೆಟ್ಟು ಒತ್ತಿಸಿದೆ. ಮರುದಿನ ಮಾಮಲೇದಾರರು ಬಿಲ್ಲೆಗಳನ್ನು ಬೆಳಕಿಗೆ ಹಿಡಿದು ನೋಡಿದರು. "ಲಿಪಿ ಅದ," ಎಂದರು. "ಯಾವ ಲಿಪಿ ಅಂತ ನನಗ ತಿಳೀಲಿಕ್ಕೆ ಒಲ್ಲದು. ಅಂದಮ್ಯಾಲೆ ಭಾಳ ಹಳೇದೇ ಇರಬೇಕು." ಅವುಗಳಲ್ಲಿ ಒಂದರ ಮೇಲೆ ಬಿಳಿಯ ಲೋಹದ ಕಲೆ ಇತ್ತು. ಅದನ್ನು "ಬೆಳ್ಳಿಯ ಕೆಲಸವಿರಬಹುದು" ಎಂಬ ಒಕ್ಕಣೆಯೊಂದಿಗೆ ಮಾದರಿಯೆಂದು ಟಪಾಲಿನಲ್ಲಿ ದೊಡ್ಡ ಪಟ್ಟಣದ ತಜ್ಞರಿಗೆ ಕಳಿಸಿದೆ. ಉಳಿದದ್ದನ್ನು ಪೆಟ್ಟಿಗೆಗೆ ತುಂಬಿ ಮೊಹರು ಹಾಕಿದೆ. ಪೆಟ್ಟಿಗೆ ಮೂವತ್ತನೆಯ ತಾರೀಖು ಬಾದಾಮಿ ಸ್ಟೇಷನ್ನಿನಿಂದ ರೈಲಿಗೆ ಹೋಗತಕ್ಕದ್ದು.

ಇಪ್ಪತ್ನಾಲ್ಕನೆಯ ತಾರೀಖು ಕಚೇರಿಯ ಬಾಗಿಲಲ್ಲಿ ಒಬ್ಬ ಮುದುಕ ಬಂದು ನಿಂತ. ಎಂಬತ್ತರ ಸಮೀಪದ ವಯಸ್ಸು, ಹಣೆ ತುಂಬ ವಿಭೂತಿ, ಎದೆಯ ಮೇಲೆ ಲಿಂಗದ ಕರಡಿಗೆ, ಕೈಯಲ್ಲಿ ಅವನಿಗಿಂತ ಎತ್ತರದ ಬಡಿಗೆ. ಹಿಂದೆ ಬುತ್ತಿ ಹೊತ್ತ ಅವನ ಸೊಸೆ.

"ನನ್ನ ಹೊಸ ಮನಿ ಲೂಟಿ ಮಾಡಿದಾಂವ ಯಾಂವ?"

ಕಳುವಿನ ಫಿರ್ಯಾದಿ ಇರಬೇಕೆಂದು ನಾನು ಹಾಳೆ ತೆಗೆದೆ. ಮನೆ ಎಲ್ಲಿದೆ, ಎಷ್ಟು ಅಂಕಣ ಎಂದು ಕೇಳಿದೆ.

"ಒಂದ ಅಂಕಣ. ಗುಡ್ಡದ ಬುಡಕ, ನನ್ನ ಹೊಲದ ಬದುವಿನ್ಯಾಗ. ನಾನs ಕಡಿಸೀನಿ, ಆರು ವರ್ಷಾತು. ಚೊಳಚಗುಡ್ಡದ ಮಗಳ ಮನಿಗೆ ಹದಿನೈದು ದಿನ ಹೋಗಿ ಬರೂದರಾಗ ಒಳಗಿಂದೆಲ್ಲಾ ಬಳಕೊಂಡು ಹೋಗಿ ಬಾಯಿಗೆ ಚೀಟಿ ಅಂಟಿಸ್ಯಾರ!"

ಚೀಟಿ ಅಂಟಿಸಿದವನು ನಾನೇ. ತೆಗೆದ ಹಾಳೆಯನ್ನು ಮಡಚಿಟ್ಟೆ. ಸೊಸೆ ಮೆಲ್ಲಗೆ ಬಿಡಿಸಿ ಹೇಳಿದಳು: ಅವರ ಮತದಲ್ಲಿ ಸತ್ತವರನ್ನು ತಗ್ಗಿನ ಗೂಡಿನಲ್ಲಿ ಕೂಡಿಸಿ ಮಣ್ಣು ಕೊಡುತ್ತಾರೆ. ಉಪ್ಪು, ವಿಭೂತಿ, ಮಂತ್ರ ಬರೆದ ಇಪ್ಪತ್ತೊಂದು ತಾಮ್ರದ ಬಿಲ್ಲೆ ಜೊತೆಗೆ ಬೇಕು. ಮಕ್ಕಳು ಎಲ್ಲಿ ಮರೆತಾರೋ ಎಂದು ಮಾವ ತನ್ನದನ್ನೆಲ್ಲ ತಾನೇ ಮುಂಚಿತವಾಗಿ ಹೊಂದಿಸಿಕೊಂಡಿದ್ದಾನೆ.

ಮಾಮಲೇದಾರರು ಒಳಗಿನಿಂದ ಬಂದರು. ನಾನು ಪಂಚನಾಮೆ ಓದಿದೆ. "ಎಲುಬು ಇಲ್ಲ. ಮಾರಾಟಕ್ಕಾಗಿ ಒಯ್ದಂತೆ ಕಾಣುತ್ತದೆ" ಎಂಬಲ್ಲಿಗೆ ಬಂದಾಗ ಮುದುಕ ಬಗ್ಗಿ ತನ್ನ ಮೊಣಕಾಲು ಮುಟ್ಟಿ ನೋಡಿಕೊಂಡ.

"ಯಾರಿಗೆ ಮಾರೀನಂತ? ಇವು ಮುಂಜಾನೆ ಏಳೂವಾಗ ಕಟಕಟ ಅಂತಾವ. ಯಾಂವ ತಗೋತಾನ ಇಂಥ ಮಾಲು?"

"ಅಜ್ಜಾ," ಎಂದರು ಮಾಮಲೇದಾರರು, ಸೀನು ತಡೆದುಕೊಂಡು. "ಮೊಹರು ಬಿದ್ದದ ಈಗ. ಜಪ್ತಿ ಮಾಲು ಹಿಂಗ ಬಂದು ಕೇಳಿದವರಿಗೆ ಕೊಡ್ಲಿಕ್ಕೆ ಕಾಯಿದೆ ಇಲ್ಲ. ಉಪ್ಪು, ವಿಭೂತಿ ಬೇರೇ ತಗೋರಿ. ಬಿಲ್ಲೆನೂ ಇಳಕಲ್ಲಿನ ಕಂಚಗಾರನ ಕಡೆ ಬೇರೇ ಮಾಡಸ್ರಿ."

ಮುದುಕ ಕಟ್ಟೆಯ ಮೇಲೆ ಕುಳಿತ. ಅವನ ದನಿ ಮೊದಲ ಸಲ ತಗ್ಗಿತು.

"ನನ್ನ ಹೆಂಡ್ತಿ ಲಗ್ನದಾಗ ತವರಿನಿಂದ ಒಂದು ಕೊಡ ತಂದಿದ್ಲ್ರಿ. ನಲವತ್ತು ವರ್ಷ ಹೊಳೀ ನೀರು ಹೊತ್ಲು ಅದರಾಗ. ಒಡೀತು, ಬೆಸಗಿ ಹಾಕಿಸಿದ್ವಿ, ಮತ್ತ ಒಡೀತು. ಆಗ ಇಳಕಲ್ಲಿಗೆ ಒಯ್ದು ಅದನ್ನ ಕಡಿಸಿ ಇಬ್ಬರಿಗೂ ಬಿಲ್ಲಿ ಮಾಡಿಸಿದ್ವಿ. ಅಕೀಗೆ ಇಪ್ಪತ್ತೊಂದು, ನನಗ ಇಪ್ಪತ್ತೊಂದು. ಅಕಿ ತನ್ನ ಪಾಲು ತಗೊಂಡು ಹ್ವಾದ್ಲು. ನನ್ನ ಪಾಲು ನಿಮ್ಮ ಪೆಟಗ್ಯಾಗ ಐತಿ. ನಾ ಬರೀಗೈಲೆ ಹೋದ್ರ ಅಕೀಗೆ ಏನ ಹೇಳ್ಲಿ? ಸರಕಾರದವರು ಒಯ್ದ್ರು ಅಂದ್ರ ನಂಬ್ತಾಳೇನು? ಕೊಡಾ ಮಾರಿಕೊಂಡು ತಿಂದಿ ಅಂತಾಳ."

ಮಾಮಲೇದಾರರು ತಪಕೀರಿನ ಡಬ್ಬಿ ತೆಗೆದು ಏರಿಸದೆಯೇ ಮುಚ್ಚಿದರು. ಅಂಥದ್ದು ನನ್ನ ದಿನಚರಿಯಲ್ಲಿ ಅದೊಂದೇ ಸಲ ನಮೂದಾಗಿದೆ. ಪೆಟ್ಟಿಗೆ ಹೋಗಲು ಇನ್ನು ಆರು ದಿನ.

"ಗುರುತು ಹೇಳ್ರಿ," ಎಂದರು. "ಗುರುತು ಕೂಡಿದ್ರ ಮೊಹರು ಒಡೀಬಹುದು."

"ಅದಕ್ಕೇನು? ಒಂದು ಬಿಲ್ಲೀ ಮ್ಯಾಲ ಆ ಕೊಡದ ಬೆಸಗಿ ಐತಿ. ಬೆಳ್ಳಗ, ಕಾಗಿ ಹಿಕ್ಕಿ ಹಾಕಿದಾಂಗ."

ಬೆಳ್ಳಿಯ ಕೆಲಸವೆಂದು ನಾನು ಟಪಾಲಿಗೆ ಹಾಕಿದ್ದು ಅದನ್ನೇ. ಪೆಟ್ಟಿಗೆ ಒಡೆದು ಎಣಿಸಿದರೆ ಇಪ್ಪತ್ತು. ಗುರುತು ಇದ್ದದ್ದೊಂದೇ ಇಲ್ಲ. ನಾನು ನಿಂತು ಎಲ್ಲವನ್ನೂ ಒಪ್ಪಿಕೊಂಡೆ. ಒಪ್ಪಿಕೊಳ್ಳುವಾಗ ರವಾನೆಯ ತಾರೀಖನ್ನೂ ಹೇಳಿದೆ. ಅಷ್ಟರ ಮಟ್ಟಿಗೆ ಚಟ.

ಆಗ ಸೊಸೆ ಬುತ್ತಿಯ ಗಂಟು ಬಿಚ್ಚಿದಳು. "ಹುಣಸಿಹಣ್ಣು ಐತ್ರಿ," ಎಂದಳು. ನಾನು ಬೇಡವೆಂದು ಕೈ ಅಡ್ಡ ಹಿಡಿದೆ. ಜಪ್ತಿ ಮಾಲನ್ನು ತೊಳೆಯಕೂಡದು ಎಂದು ತಖ್ತೆಯ ಕೆಳಗೆ ಸಣ್ಣ ಅಕ್ಷರದಲ್ಲಿ ಅಚ್ಚಾಗಿತ್ತು. ಅವಳು ನನ್ನ ಕೈಯನ್ನು ನೊಣ ಝಾಡಿಸಿದಂತೆ ಝಾಡಿಸಿ, ಕಟ್ಟೆಯ ಮೇಲೆ ಕುಳಿತು ಹುಣಸೆಹಣ್ಣು ಹಚ್ಚಿ ತಿಕ್ಕಿದಳು. ಪಾತ್ರೆ ಬೆಳಗುವ ಮನುಷ್ಯರಿಗೆ ಎರಡು ಗಳಿಗೆಯ ಕೆಲಸ. ಕಿಲುಬು ಹೋಗಿ ತಾಮ್ರ ಕೆಂಪಗೆ ಹೊಳೆಯಿತು. ಕಂಚಗಾರನ ಸೊಟ್ಟ ಕನ್ನಡ ಅಕ್ಷರಗಳು ಎದ್ದು ಬಂದವು. ಮಾಮಲೇದಾರರು ಒಂದನ್ನು ಎತ್ತಿ, ದನಿ ತೆಗೆದು, "ಓಂ ನಮಃ ಶಿವಾಯ" ಎಂದು ಓದಿದರು. ಓದಿ, ನನ್ನ ಕಡೆ ನೋಡಿದರು.

"ಭಾಳ ಹಳೇ ಲಿಪಿ," ಎಂದರು. ಹಾಗೆಂದವರು ಮೊದಲು ತಾವೇ ಎಂಬುದನ್ನು ಅವರು ಮರೆತಿದ್ದರು. ನಾನು ನೆನಪಿಸಲಿಲ್ಲ.

"ಈ ತಗ್ಗು ತೋರಿಸಿದಾಂವ ಯಾಂವ ನಿಮಗ?" ಎಂದು ಮುದುಕ ನನ್ನನ್ನು ಕೇಳಿದ. ಆಡಿನವನು ಮತ್ತು ಮೀಸೆಯವನು ಎಂದೆ. ಅವನು ಬಡಿಗೆಯನ್ನು ನೆಲಕ್ಕೆ ಕುಟ್ಟಿದ.

"ಅವರs! ನನ್ನ ತಗ್ಗಿನ್ಯಾಗ ಆಡು ಬಿದ್ದೈತಿ ಅಂತ ಆಡಿನಾಂವಂದು ಆರು ವರ್ಷದಿಂದ ಜಗಳ. 'ಸಾಯೂದಿದ್ರ ಲಗೂನ ಸಾಯಿ, ಇಲ್ಲಾ ತಗ್ಗು ಮುಚ್ಚು' ಅಂತಾನ. ಮೋರೇರ ಮನಿ ಅಗದವರು ಅವರs ಅದಾರ್ರಿ. ಕುದುರಿ ಸಾವಕಾರ ಬಂದು ನೋಡಿ ಹೋಗ್ಯಾನ, ಒಯ್ಯಾಕ ತಿರುಗಿ ಬರ್ತಾನ. ಮಾಲೆಲ್ಲಾ ಮೀಸ್ಯಾಂವನ ಬಣಿವಿಯೊಳಗ ಐತಿ. ನಿಮ್ಮನ್ನ ಅತ್ತಾಗ ಬಿಡಬಾರದಂತ ನನ್ನ ಮನಿಗೆ ಕರಕೊಂಡು ಬಂದಾರ."

ಪೊಲೀಸರೊಂದಿಗೆ ನಾವು ಅಂದೇ ಹೋದೆವು. ಕಣಕಿಯ ಬಣವೆಯಲ್ಲಿ ಗಡಿಗೆ ಹದಿನಾಲ್ಕು, ಕೆಂಪು ಮಣಿ ಅರವತ್ತೆರಡು, ತುಕ್ಕು ಹಿಡಿದ ಕಬ್ಬಿಣದ ತುಂಡು ಐದು, ಮೂಟೆಯಲ್ಲಿ ಕಟ್ಟಿದ ಎಲುಬು. ಎಲುಬುಗಳನ್ನು ನಾನು ಎಣಿಸಲಿಲ್ಲ; ಎಣಿಸಬೇಕೆಂದು ಕುಳಿತವನು ಒಂದು ಪುಟ್ಟ ದವಡೆಯನ್ನು ಕಂಡು ಎದ್ದುಬಿಟ್ಟೆ. ಕುದುರೆಯ ವ್ಯಾಪಾರಿ ಆ ವಾರ ಬಂದ, ಸಿಕ್ಕಿಬಿದ್ದ. ಗಡಿಗೆ, ಮಣಿ, ಕಬ್ಬಿಣ ಸರಕಾರದ ಕಪಾಟಿಗೆ ಹೋದವು. ಎಲುಬುಗಳನ್ನು ಮಾತ್ರ ಎಲ್ಲಿಂದ ತೆಗೆದರೋ ಅಲ್ಲೇ, ತೆಗೆದವರ ಕೈಯಿಂದಲೇ ತಿರುಗಿ ಮಣ್ಣು ಮಾಡಿಸಬೇಕೆಂದು ಮಾಮಲೇದಾರರ ಅಪ್ಪಣೆಯಾಯಿತು. ಮೇಲ್ವಿಚಾರಣೆಗೆ ಯಾರೂ ಕರೆಯದೆಯೇ ಮುದುಕ ಬಂದು ನಿಂತ.

"ಲೇ, ಮಲಗಿಸಬ್ಯಾಡ್ರೋ, ಕೂಡಸ್ರಿ!"

"ಯಜ್ಜಾ, ಬರೇ ಎಲುಬು ಹೆಂಗ ಕೂಡ್ತಾವೋ?" ಎಂದ ಆಡಿನವನು ಬೆವರೊರೆಸುತ್ತ. "ಮತ್ತ ಇವರು ಯಾವ ಮತದವರೋ ಏನೋ!"

"ಯಾವ ಮತದವರಾದ್ರೂ ನಿಮ್ಮಂಥವರ ಕಣ್ಣಿಗೆ ಬೀಳಬಾರದಿತ್ತು. ಮೆತ್ತಗ ಇಡ್ರಿ."

ಕಾಗದದ ಕೆಲಸ ಇನ್ನೂ ಉಳಿದಿತ್ತು. ಮುದುಕನ ತಗ್ಗಿನ ತಖ್ತೆ ಮುಗಿಸಬೇಕಾದರೆ ನಾಲ್ಕನೆಯ ಕಾಲಮಿನಲ್ಲಿ ಕಾಣೆಯಾದ ಎಲುಬುಗಳಿಗೆ ಜವಾಬು ಬೇಕು. ಮಾಮಲೇದಾರರು ಅವನನ್ನು ನನ್ನ ಮೇಜಿನ ಮುಂದೆ ನಿಲ್ಲಿಸಿ, "ಬರಕೋ," ಎಂದರು. "ಎಲುಬು ಹಾಜರ್. ಮಾಲೀಕನ ಮೈಯೊಳಗೆ ಅವ. ಮಾಲೀಕ ನಡೆದು ಬಂದಾನ."

"ಎಷ್ಟು ಅಂತ ಬರೀಲಿ, ರಾವಸಾಹೇಬ್ರ?" ಎಂದು ಕೇಳಿದೆ.

ಅವರು ತಪಕೀರು ಏರಿಸಿದರು. ಸೀನಿದರು. ಒಂಬತ್ತು.

ಇಪ್ಪತ್ತು ಬಿಲ್ಲೆಗಳನ್ನು ಮುದುಕ ಒಯ್ದ. ಇಪ್ಪತ್ತೊಂದನೆಯದು ಬಂದ ಕೂಡಲೇ ತಲುಪಿಸುತ್ತೇನೆಂದು ನಾನು ಬರೆದುಕೊಟ್ಟೆ. "ಅದು ಬರೂತನಕ ನಾ ಸಾಯಾಂಗಿಲ್ಲ," ಎಂದು ಅವನು ಬೆದರಿಸಿದ. ಅಲ್ಲಿಂದ ಪ್ರತಿ ಅಮಾವಾಸ್ಯೆಯ ಮರುದಿನ ಅವನು ಆರು ಮೈಲು ನಡೆದು ಬಂದು, ಕಚೇರಿಯ ಕಟ್ಟೆಯ ಮೇಲೆ ಕುಳಿತು, "ಬಂತೇನ್ರಿ ಸಾಹೇಬ್ರ?" ಎಂದು ಕೇಳುವನು. ಬಂದಿಲ್ಲವೆಂದರೆ ಸರಕಾರವನ್ನು ಒಂದಿಷ್ಟು ಬಯ್ದು, ನನಗೆ ಶೇಂಗಾದ ಹಿಂಡಿ ಕಟ್ಟಿದ ರೊಟ್ಟಿ ಕೊಟ್ಟು ಹೋಗುವನು. ನಾನು ಮೇಲಿನವರಿಗೆ ಜ್ಞಾಪಕಪತ್ರ ಬರೆಯುವೆನು. ಹನ್ನೊಂದು ತಿಂಗಳಲ್ಲಿ ಪತ್ರ ಏಳು, ಉತ್ತರ ಸೊನ್ನೆ, ರೊಟ್ಟಿ ಇಪ್ಪತ್ತೆರಡು.

ಒಮ್ಮೆ ಸೊಸೆ ಹಿಂದೆ ಉಳಿದು ಸಣ್ಣ ದನಿಯಲ್ಲಿ ಹೇಳಿದಳು: "ಅಣ್ಣಾರ, ಭಾಳ ಲಗೂ ತರಸಬ್ಯಾಡ್ರಿ. ಮೊದಲು ದಿನಾ ಮುಂಜಾನೆ ಎದ್ದು ತಗ್ಗಿನ ಕಡೆ ನೋಡಿಕೋತ ಕೂಡ್ತಿದ್ರು. ಈಗ ಸರಕಾರದ ಮ್ಯಾಲಿನ ಸಿಟ್ಟಿಗೆ ಎರಡು ರೊಟ್ಟಿ ಹೆಚ್ಚಿಗಿ ತಿಂತಾರ. ಸಾಯಾಕ ಪುರಸೊತ್ತಿಲ್ಲ ಅವರಿಗೆ."

ಅಕ್ಟೋಬರಿನಲ್ಲಿ ಬಿಲ್ಲೆ ಬಂತು. ಜೊತೆಗೆ ಎರಡು ಸಾಲಿನ ಷರಾ: ಇತ್ತೀಚಿನದು, ಬಿಳಿಯ ಕಲೆ ಬೆಸುಗೆಯದು, ಯಾವ ಬೆಲೆಯೂ ಇಲ್ಲ. ಸೊಸೆಯ ಮಾತು ನೆನಪಿತ್ತು. ಎರಡು ದಿನ ಅದನ್ನು ಜೇಬಿನಲ್ಲಿ ಇಟ್ಟುಕೊಂಡು ತಿರುಗಿದೆ. ಮೂರನೆಯ ದಿನ ಬರೆದುಕೊಟ್ಟ ಮಾತು ಬರೆದುಕೊಟ್ಟ ಮಾತೇ ಎಂದು ನಡೆದು ಹೋದೆ.

ಮುದುಕ ಬಿಲ್ಲೆಯನ್ನು ಅಂಗೈಯ ಮೇಲೆ ಇಟ್ಟುಕೊಂಡ. ಬೆಸುಗೆಯ ಕಲೆಯ ಮೇಲೆ ಹೆಬ್ಬೆರಳಿನಿಂದ ಮೂರು ಸಲ ಸವರಿದ. ಆಮೇಲೆ ಗುಡ್ಡದ ಬುಡದ ಕಡೆ ನೋಡಿದ. ಆಮೇಲೆ ತನ್ನ ಹೊಲದ ಕಡೆ. ಜೋಳ ಮೊಣಕಾಲುದ್ದ ಎದ್ದಿತ್ತು.

"ಇದು ನಂದಲ್ಲ," ಎಂದು ತಿರುಗಿ ಕೊಟ್ಟ.

"ಅಜ್ಜಾ, ಬೆಸಗಿ ಐತಲ್ಲ! ಕಾಗಿ ಹಿಕ್ಕಿ ಹಾಕಿದಾಂಗ!"

"ಎಲ್ಲಾ ಕಾಗಿನೂ ಹಿಂಗs ಹಾಕ್ತಾವ. ಮತ್ತೊಂದು ಪತ್ರಾ ಬರೀರಿ."

ಒಳಗಿನ ಬಾಗಿಲಲ್ಲಿ ಸೊಸೆ ಬಾಯಿಗೆ ಸೆರಗು ಒತ್ತಿ ಹಿಡಿದಿದ್ದಳು. ನಾನು ಕಚೇರಿಗೆ ಬಂದು "ಮಾಲೀಕ ಗುರುತಿಸಲಿಲ್ಲ" ಎಂದು ಬರೆದೆ. ನನ್ನ ನೌಕರಿಯಲ್ಲಿ ತಿಳಿದೂ ತಿಳಿದೂ ಬರೆದ ಸುಳ್ಳು ಅದೊಂದೇ. ಬಿಲ್ಲೆಯನ್ನು ಮೇಜಿನ ಖಾನೆಯಲ್ಲಿ ಇಟ್ಟೆ. ಅಮಾವಾಸ್ಯೆಯ ಮರುದಿನ ಅವನು ಎಂದಿನಂತೆ ಬಂದ. "ಬಂತೇನ್ರಿ ಸಾಹೇಬ್ರ?" ಎಂದ. "ಬಂದಿಲ್ಲ ಅಜ್ಜಾ," ಎಂದೆ. ಹೀಗೆ ಎರಡು ವರ್ಷ.

ಹೋದ ಮಳೆಗಾಲದ ಕೊನೆಗೆ ಅವನ ಬದಲು ಸೊಸೆ ಬಂದಳು. ರೊಟ್ಟಿ ತಂದಿರಲಿಲ್ಲ. "ಆ ಇಪ್ಪತ್ತೊಂದನೇದು ತಗೊಂಡು ಬರ್ಬೇಕಂತ್ರಿ," ಎಂದಳು.

ಹೋದೆ. ಅವನು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದ. ಮಲಗುವುದನ್ನು ಬಿಟ್ಟು ಮೂರು ದಿನವಾಗಿತ್ತಂತೆ, ಕೂಡುವ ರೂಢಿಯಾಗಲಿ ಎಂದು. ಬಿಲ್ಲೆ ಕೊಟ್ಟೆ.

"ನಿಮ್ಮದಲ್ಲ ಅಂದಿದ್ರಿ, ಅಜ್ಜಾ."

"ಈಗ ನೋಡಿದ್ರ ನಂದs ಅನಸ್ತೈತಿ." ಗಂಟು ಬಿಚ್ಚಿ ನನ್ನಿಂದ ಎಣಿಕೆ ಮಾಡಿಸಿದ, ಮತ್ತೊಮ್ಮೆ ತಾನೇ ಎಣಿಸಿದ. "ಹೆಬ್ಬಟ್ಟು ಒತ್ತಬೇಕೇನು?"

ಒತ್ತಿಸಿಕೊಂಡೆ. ಕಾಗದದಲ್ಲಿ ಏನು ಬರೆದಿದೆ ಎಂದು ಕೇಳಿದ. "ಮಾಲೀಕನಿಗೆ ಮುಟ್ಟಿತು" ಎಂದು ಓದಿ ಹೇಳಿದೆ.

"ಸಾಕು. ಅಕಿ ಕೇಳಿದ್ರ ಹೇಳ್ತೇನಿ, ಸರಕಾರದಾಂವ ಆದ್ರೂ ಎಣಿಸಿ ಕೊಟ್ಟ ಅಂತ."

ಆರನೆಯ ದಿನ ಮತ್ತೆ ಆ ದಾರಿ ನಡೆದೆ. ಮಳೆಗೆ ಅರ್ಧ ಮುಚ್ಚಿಹೋಗಿದ್ದ ತಗ್ಗನ್ನು ಆಡಿನವನೂ ಮೀಸೆಯವನೂ ನಸುಕಿನಿಂದ ತೋಡಿ ಹಸನು ಮಾಡಿದ್ದರು. ನಮ್ಮಲ್ಲಿ ಸತ್ತವರಿಗೆ ಮೂರು ಹಿಡಿ ಮಣ್ಣು ಕೊಡುವ ಪದ್ಧತಿ. ಅವರಲ್ಲೂ ಬಂದವರೆಲ್ಲ ಹಿಡಿ ಮಣ್ಣು ಕೊಡುತ್ತಿದ್ದರು. ಎಷ್ಟು ಹಿಡಿ ಎಂದು ಯಾರನ್ನೂ ಕೇಳದೆ ನನ್ನ ಲೆಕ್ಕದಲ್ಲಿ ಮೂರು ಕೊಟ್ಟೆ. ಆ ದಿನದ ಪುಟ ಹೀಗಿದೆ: "ನಡಿಗೆ ಆರು ಮೈಲು. ತಗ್ಗು ಒಂದು. ಬಿಲ್ಲೆ ಇಪ್ಪತ್ತೊಂದು. ಪಂಚರು ನಗಲಿಲ್ಲ."